ನನ್ನ ದನಿಯೊಂದೇ ಕೇಳುವ ಹೆಡ್‌ಫೋನು

ನಾಲ್ಕನೆಯ ಹೆಡ್‌ಫೋನನ್ನೂ ವಾಪಸು ಕೊಡಲು ಹೋದಾಗ, ಹೊಸಪೇಟೆಯ ಆ ಅಂಗಡಿಯವನು ನನ್ನ ಮುಖ ಕಂಡ ಕೂಡಲೇ ಟೀ ತರಿಸಿದ. ಬೈಯುವ ಮುಂಚೆ ಟೀ ಕುಡಿಸುವವರನ್ನು ಕಂಡರೆ ನನಗೆ ಸ್ವಲ್ಪ ಭಯ.

"ಯಜಮಾನ್ರ, ಇದಕ್ಕೇನಾಗೈತ್ರಿ? ಇದರ ಬೇಸ್ ಕೇಳಿ ಹುಡುಗ್ರು ಹುಚ್ಚಾಗ್ಯಾರ."

"ಬೇಸ್ ಭಾಳ ಆತಪ್ಪಾ. ಹೆಣ್ಮಕ್ಕಳ ದನಿ ಬರವಲ್ದು," ಅಂದೆ.

ಹೆಣ್ಣುಮಕ್ಕಳ ದನಿ ಎಂದೆನೇ ಹೊರತು ಹೆಂಡತಿಯ ದನಿ ಎನ್ನಲಿಲ್ಲ. ಜನ ಚಾರ್ಜರ್ ಕೇಳುತ್ತ ನಿಂತಿರುವ ಕಡೆ ಅದನ್ನು ಹೇಳುವುದು ನನ್ನಿಂದಾಗದು.

ಅವಳು ತೀರಿಕೊಂಡು ಮೂರು ವರ್ಷವಾಯಿತು. ಕಂಪ್ಲಿಯ ಹೆಣ್ಣು. ಅವರ ಕಡೆ ಯಾರ ಮನೆಯಲ್ಲಿ ಅರಿಶಿಣ ಹಚ್ಚಿದರೂ ಸೋಬಾನೆ ಹಾಡಲು ಇವಳಿಗೆ ಕರೆ ಬರುತ್ತಿತ್ತು. ದನಿ ದೊಡ್ಡದಲ್ಲ, ಸಣ್ಣದು. ಆದರೆ ಅವಳು ಬಾಯಿ ತೆರೆದರೆ ಅಡುಗೆಮನೆಯಲ್ಲಿದ್ದವರೂ ಸೌಟು ಕೆಳಗಿಟ್ಟು ಹೊರಗೆ ಬರುತ್ತಿದ್ದರು. ಅಂಥವಳ ದನಿ ನನ್ನ ಹತ್ತಿರ ಉಳಿದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ನಾನೇ ಮಾಡಿದ ರೆಕಾರ್ಡಿಂಗು. ಆಗ ನಾನು ಸಂಡೂರಿನ ಗಣಿಯಲ್ಲಿ ಕಲ್ಲು ಪುಡಿಮಾಡುವ ಕ್ರಷರಿನ ಆಪರೇಟರ್. ವಾರದ ರಜೆಗೆ ಮನೆಗೆ ಬಂದಿದ್ದೆ. ಮಧ್ಯಾಹ್ನ ಅವಳು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಟೇಪ್‌ರೆಕಾರ್ಡರನ್ನು ಮುಂದಿಟ್ಟು ಹಾಡು ಅಂದೆ. ಸೋಬಾನೆಯನ್ನು ಒಬ್ಬರೇ ಹಾಡುವಂತಿಲ್ಲ. ಒಬ್ಬರು ನುಡಿ ಹೇಳಬೇಕು, ಉಳಿದವರು ಸೊಲ್ಲು ಹಿಡಿಯಬೇಕು. "ಸೊಲ್ಲು ಹಿಡಿಯೋರಿಲ್ದ ಹೆಂಗ ಹಾಡ್ಲಿ? ನೀವ ಹಿಡೀರಿ," ಅಂದಳು. ಗಂಡಸು ಸೋಬಾನೆಗೆ ಸೊಲ್ಲು ಹಿಡಿದಿದ್ದು ಬೀದಿಗೆ ಗೊತ್ತಾದರೆ ನಗೆಪಾಟಲು ಎಂದು ಬಾಗಿಲು ಹಾಕಿ ಬಂದು, ನನ್ನ ಒಡಕು ಗಂಟಲಲ್ಲೇ ಹಿಡಿದೆ.

ಆ ಕ್ಯಾಸೆಟ್ಟನ್ನು ಮಗಳು ಒಬ್ಬ ಸ್ಟುಡಿಯೋದವನಿಂದ ಫೋನಿಗೆ ಹಾಕಿಸಿ ತಂದಳು. ಆಸೆಯಿಂದ ಹಚ್ಚಿದೆ. ಮೊದಲಿಗೆ ಬರೀ ಗೊರಗೊರ. ಅದನ್ನು ಬೆರಳಿನಿಂದ ದಾಟಿಸಿದರೆ ಕೇಳಿದ್ದು ನನ್ನ ಸೊಲ್ಲು ಮಾತ್ರ. ಪ್ರತಿ ಸೊಲ್ಲಿಗೂ ಮುಂಚೆ ಗೋಡೆಯಾಚೆ ಯಾರೋ ಗೊಣಗಿದಂತೆ ಏನೋ ಒಂದು. ಮಾತಿಲ್ಲ, ರಾಗವಿಲ್ಲ. ಮೊದಲು ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿದೆ ಎಂದೆ. ಆಮೇಲೆ ಸ್ಟುಡಿಯೋದವನನ್ನು ಬೈದೆ. ಆಮೇಲೆ ಫೋನನ್ನು. "ನಂಗ ಕೇಳಿಸ್ತೈತಲ್ಲಪ್ಪಾ," ಎಂದು ಮಗಳು ಎರಡು ಸಲ ಅಂದಳು. ನನ್ನ ಸಮಾಧಾನಕ್ಕೆ ಹೇಳುತ್ತಾಳೆ ಅಂದುಕೊಂಡೆ. ಫೋನಿನ ಸ್ಪೀಕರಿನಲ್ಲಿ ಏನು ಬಂದೀತು, ಮನೆಯಲ್ಲಿ ಕೂತು ಕೇಳಲು ಒಳ್ಳೆಯ ಹೆಡ್‌ಫೋನು ಬೇಕು ಎಂದು ತೀರ್ಮಾನಿಸಿದೆ.

ಶುರುವಾಯಿತು ನನ್ನ ತಿರುಗಾಟ. ಕಿವಿಯೊಳಗೆ ತೂರಿಸುವಂಥದು, ಕಿವಿಯ ಮೇಲೆ ಕೂರುವಂಥದು, ಇಡೀ ಕಿವಿಯನ್ನು ಮುಚ್ಚುವಂಥದು. ಪೆಟ್ಟಿಗೆಯ ಮೇಲೆ ಬರೆದದ್ದನ್ನೆಲ್ಲ ಮಗಳಿಂದ ಓದಿಸಿದೆ. ಸಂಬಂಧ ನೋಡುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ. ನನ್ನದೊಂದು ಪರೀಕ್ಷೆಯಿತ್ತು. ಎರಡನೆಯ ನುಡಿಯಲ್ಲಿ ಅವಳು ಕೈ ಎತ್ತಿದಾಗ ಮೊರಕ್ಕೆ ಬಳೆ ತಾಗಿತ್ತು. ಆ ಸದ್ದು ಕೇಳಿಸಿದರೆ ಆ ಹೆಡ್‌ಫೋನು ಪಾಸು. ಒಂದೂ ಪಾಸಾಗಲಿಲ್ಲ. ಎಲ್ಲವಕ್ಕೂ ನನ್ನ ಗಂಟಲೇ ಇಷ್ಟ.

ಹೆಡ್‌ಫೋನನ್ನು ತಲೆಗೆ ಏರಿಸಿದಾಗಲೆಲ್ಲ ಗಣಿಯಲ್ಲಿ ಕೊಟ್ಟಿದ್ದ ಕಿವಿ ಮುಚ್ಚಳ ನೆನಪಾಗುತ್ತಿತ್ತು. ನೋಡಲು ಥೇಟ್ ಹೀಗೇ. ಸದ್ದಿನಿಂದ ಕಿವಿ ಉಳಿಸಿಕೊಳ್ಳಿ ಎಂದು ಕೊಟ್ಟಿದ್ದರು. ಕ್ರಷರಿನವರು ಯಾರೂ ಹಾಕುತ್ತಿರಲಿಲ್ಲ. ನಮ್ಮ ಕೆಲಸವೇ ಕಿವಿಯದು. ಕ್ರಷರಿನ ದವಡೆಯಲ್ಲಿ ಕಲ್ಲು ಸಿಕ್ಕಿಕೊಂಡರೆ ಸದ್ದು ದಪ್ಪವಾಗುತ್ತದೆ, ಬೆಲ್ಟು ಜಾರಿದರೆ ತೆಳುವಾಗುತ್ತದೆ. ಕಿವಿ ಮುಚ್ಚಿಕೊಂಡವನು ಕೆಲಸ ಬಾರದವನು ಎಂದು ನಾವು ನಗುತ್ತಿದ್ದೆವು. ನಾನಂತೂ ಕ್ಯಾಂಟೀನಿನಲ್ಲಿ ಟೀ ಹಿಡಿದು ನಿಂತೇ "ಕಲ್ಲು ಸಿಕ್ತು ನೋಡ್ರಲೇ" ಎಂದು ಕೂಗುತ್ತಿದ್ದೆ. ಅದು ಸುಳ್ಳಾಗುತ್ತಿರಲಿಲ್ಲ. ಆ ಗರ್ವ ನನಗೆ ಭಾರೀ ಇತ್ತು. ನನ್ನ ಪಾಲಿನ ಮುಚ್ಚಳವನ್ನು ಕಂಪ್ಲಿಯ ಭಾವಮೈದುನನಿಗೆ ಕೊಟ್ಟುಬಿಟ್ಟೆ. ಬೆಳಗಿನ ಚಳಿಯಲ್ಲಿ ಕಬ್ಬಿಗೆ ನೀರು ತಿರುವುವಾಗ ಅವನ ಕಿವಿ ಬೆಚ್ಚಗಿರಲಿ ಎಂದು. ಎಷ್ಟೋ ವರ್ಷ ಹಾಕಿಕೊಂಡ. ಈಗಲೂ ಗದ್ದೆಯ ಆ ತುದಿಯಲ್ಲಿ ಫೋನು ಬಡಿದುಕೊಂಡರೆ ಈ ತುದಿಯಲ್ಲಿ ಅವನಿಗೆ ಕೇಳಿಸುತ್ತದೆ.

ಐದನೆಯದನ್ನು ಅಂಗಡಿಯವನು ನನಗಾಗಿ ಬೇರೆ ಊರಿನಿಂದ ತರಿಸಿದ. ವೈರಿನದು. ಹಿಂಬದಿಗೆ ಜಾಲರಿ ಇತ್ತು. "ಹಾಡೋರ ಉಸಿರು ಸೈತ ಕೇಳಿಸ್ತೈತ್ರಿ. ಇದೂ ಬ್ಯಾಡಂದ್ರ ನನ್ ಹತ್ರ ಇನ್ನೇನಿಲ್ರಿ," ಎಂದು ಕೈ ಮುಗಿದ.

ಮನೆಗೆ ತಂದೆ. ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ಅವರೆ ಸುಲಿಯುತ್ತಿದ್ದಳು. ಫ್ಯಾನು ಆರಿಸಿ, ಕಣ್ಣು ಮುಚ್ಚಿ ಕೂತೆ. ಯಾವಾಗಿನಂತೆ ಮೊದಲಿನ ಗೊರಗೊರವನ್ನು ಬೆರಳಿನಿಂದ ದಾಟಿಸಿ ಹಾಡಿಗೇ ಹೋದೆ. ನನ್ನ ಸೊಲ್ಲು ಬಂತು. ಎಷ್ಟು ಸ್ಪಷ್ಟವೆಂದರೆ, ನಡುವೆ ನಾನು ಎಂಜಲು ನುಂಗಿದ್ದೂ ಕೇಳಿಸಿತು. ಅದರ ಹಿಂದೆ ಮುಂದೆ ಮತ್ತದೇ ಗೋಡೆ.

ಸಿಟ್ಟು ನೆತ್ತಿಗೇರಿತು. ಕಿತ್ತು ಮಗಳ ಕೈಗೆ ಕೊಟ್ಟೆ. "ನೀನ ಕೇಳು, ಇದೂ ಹಂಗ ಐತಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಹಾಕಿಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳ ತುಟಿ ಆಡತೊಡಗಿತು. ಒಂದು ನುಡಿಯಷ್ಟು ಉದ್ದಕ್ಕೆ ಆಡಿ ನಿಂತಿತು. ಸೊಲ್ಲು ಮುಗಿಯುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಆಡಿತು. ಅವಳು ತಾಯಿಯ ಜೊತೆ ಹಾಡುತ್ತಿದ್ದಳು.

"ಬಳಿ ಸಪ್ಪಳ ಸೈತ ಕೇಳಿಸ್ತೈತಪ್ಪಾ," ಅಂದಳು. "ಅಕ್ಕಿ ಮೊರದಾಗ ಬೀಳೋದೂ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಐದು ಹೆಡ್‌ಫೋನುಗಳನ್ನು ಫೇಲು ಮಾಡಿದ ಮಹಾ ಪರೀಕ್ಷಕ ನಾನು. ಕಿವಿ ಡಾಕ್ಟರು ಆಮೇಲೆ ಹೇಳಿದ್ದೂ ಅದನ್ನೇ: ಕೆಟ್ಟದ್ದು ಹೆಡ್‌ಫೋನಲ್ಲ, ಕ್ರಷರಿನ ಸದ್ದಿಗೆ ನನ್ನ ಕಿವಿ. ಮಷಿನ್ ಹಾಕಿದರೆ ಎದುರಿಗೆ ಕೂತವರ ಮಾತಿಗೆ ಅಷ್ಟಿಷ್ಟು ಅನುಕೂಲವಾದೀತು, ಆದರೆ ಸಣ್ಣ ದನಿ ಹಿಡಿಯುವ ಶಕ್ತಿ ಹೋದದ್ದು ಹೋಯಿತು, ಅದು ಮತ್ತೆ ಬರುವುದಿಲ್ಲ. ಕಲ್ಲಿನ ಸದ್ದು ಕೇಳುತ್ತೇನೆಂಬ ಗರ್ವದಲ್ಲಿ ಅವಳ ದನಿಯನ್ನು ನಾನೇ ಕಳೆದುಕೊಂಡೆ. ಅವಳನ್ನು ಮಣ್ಣಿಗಿಟ್ಟ ದಿನ ಇಷ್ಟು ಅನಾಥನೆನಿಸಿರಲಿಲ್ಲ. ಮನೆಯಲ್ಲಿ ಕ್ಯಾಸೆಟ್ಟಿದೆಯಲ್ಲ ಎಂಬ ಧೈರ್ಯ ಆ ದಿನವೂ ಒಳಗೆಲ್ಲೋ ಇತ್ತು.

ಆ ದಿನ ಮಗಳು ಅದನ್ನು ಮತ್ತೆ ಮೊದಲಿನಿಂದ ಹಚ್ಚಿ ಕೇಳುತ್ತ ಕಣ್ಣೊರೆಸಿಕೊಂಡಳು. "ಹಾಡೋಕಿಂತ ಮುಂಚೆ ಅವ್ವ ನಿಮ್ಮನ್ನ ಒಂದು ಮಾತು ಕೇಳ್ತಾಳ. ಇಷ್ಟು ಸಣ್ಣಗ ಹಾಡಿದ್ರ ನಿಮಗ ಕೇಳಿಸ್ತೈತೇನ್ರಿ, ಅಂತ."

ಗೊರಗೊರ ಎಂದು ನಾನು ದಿನವೂ ದಾಟಿಸುತ್ತಿದ್ದದ್ದು ಅದನ್ನೇ. ಹೆಡ್‌ಫೋನು ಇಸಿದುಕೊಂಡು ಮೊದಲಿನಿಂದ ಹಚ್ಚಿದೆ. ಅವಳು ಕೇಳಿದ್ದು ನನಗೆ ಕೇಳಿಸಲಿಲ್ಲ. ನನ್ನ ಉತ್ತರ ಮಾತ್ರ ಬಂತು, ಪಕ್ಕದಲ್ಲೇ ಕೂತು ಹೇಳಿದಂತೆ, ನಗುನಗುತ್ತ: "ಕ್ರಷರಿನಾಗ ಒಂದು ಕಲ್ಲು ಸಿಕ್ರ ಕ್ಯಾಂಟೀನಿಗೆ ಕೇಳಿಸ್ತೈತಿ ನಂಗ. ನಿನ್ನ ದನಿ ಕೇಳಸಂಗಿಲ್ಲೇನು? ಹಾಡು."

ಆಮೇಲೆ ಅವಳು ಹಾಡಿರಬೇಕು. ಯಾಕೆಂದರೆ ಸ್ವಲ್ಪ ಹೊತ್ತಿಗೆ ನಾನು ಸೊಲ್ಲು ಹಿಡಿದೆ.