ನಿವೃತ್ತರಾದ ಸಾಹೇಬರಿಗಾಗಿ ಹತ್ತೊಂಬತ್ತು ಡಿಗ್ರಿ

ಒಂಬತ್ತು ಅಂತಸ್ತಿನ ಆ ಕಚೇರಿ ಕಟ್ಟಡದ ನೆಲಮಾಳಿಗೆಯಲ್ಲಿ ಲಾರಿಯಷ್ಟು ಉದ್ದದ ತಂಪಿನ ಯಂತ್ರವಿದೆ. ಅದನ್ನು ಇಪ್ಪತ್ತಾರು ವರ್ಷ ಸಾಕಿದವನಿಗೆ ಕಟ್ಟಡದವರೆಲ್ಲ ತಂಪಣ್ಣ ಎನ್ನುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಬೇರಿಂಗಿಗೆ ಉದ್ದದ ಸ್ಕ್ರೂಡ್ರೈವರ್ ಆನಿಸಿ ಹಿಡಿಗೆ ಕಿವಿಗೊಟ್ಟನೆಂದರೆ, ಅದು ಇನ್ನೆಷ್ಟು ವಾರ ಬಾಳುತ್ತದೆಂದು ಹೇಳಿಬಿಡುತ್ತಿದ್ದ. ಜಂಬ ತುಸು ಜಾಸ್ತಿಯೇ. ಇರಲಿ, ದುಡಿದು ಗಳಿಸಿದ ಜಂಬ.

ಪಕ್ಕದಲ್ಲಿ ಇಷ್ಟೇ ದೊಡ್ಡ ಕಟ್ಟಡವಿದೆ. ಅದಕ್ಕಿಂತ ಇಲ್ಲಿ ಒಂದೂವರೆ ಪಟ್ಟು ಕರೆಂಟು ಹೋಗುತ್ತಿದೆಯೆಂದು ಮಾಲೀಕರ ಕಣ್ಣಿಗೆ ಬಿದ್ದು, ಒಬ್ಬ ಇಂಜಿನಿಯರಮ್ಮನನ್ನು ಕರೆಸಿದರು. ಆಕೆ ಕಿಟಕಿಯ ಸಂದಿಗೆ ಕೈಯೊಡ್ಡಿದಳು, ದೀಪ ಎಣಿಸಿದಳು, ಅಂತಸ್ತಿಗೊಂದರಂತೆ ಅಳತೆಯ ಪೆಟ್ಟಿಗೆ ಕೂರಿಸಿದಳು. ಇಡೀ ಕಟ್ಟಡದಲ್ಲಿ ಹತ್ತೊಂಬತ್ತು ಡಿಗ್ರಿ ಚಳಿ ಯಾಕೆಂದು ಕೇಳಿದ್ದಕ್ಕೆ, ಬಾಡಿಗೆದಾರರ ಬೇಡಿಕೆ ಎಂದು ತಂಪಣ್ಣ ಮೊದಲ ದಿನವೇ ಗತ್ತಿನಿಂದ ಹೇಳಿದ್ದ. ಎರಡು ವಾರದ ಮೇಲೆ ಆಕೆ ಇಳಿದು ಬಂದು, ಅಷ್ಟು ಚಳಿ ಬೇಕೇ ಬೇಕೆಂದರೆ ಈ ಮುದಿ ಯಂತ್ರ ತೆಗೆಸಬೇಕಾಗುತ್ತದೆ ಎಂದಳು. ಹೊಸದು ತನ್ನಷ್ಟಕ್ಕೆ ನಡೆಯುವಂಥದ್ದು, ಆಳು ಬೇಡ. ತಂಪಣ್ಣನಿಗೆ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಹೋಗುವಾಗ ಇನ್ನೊಂದು ಮಾತು ಕೇಳಿದಳು. ಸುಡು ಮಧ್ಯಾಹ್ನದಲ್ಲಿ ಮೇಜುಗಳ ಸಾಲಿನಲ್ಲಿ ಕರೆಂಟು ಸುಮ್ಮನೆ ಏರುತ್ತದಲ್ಲ, ಅಲ್ಲೇನಿದೆ?

ನೋಡಿ ಹೇಳುತ್ತೇನೆಂದು ತಂಪಣ್ಣ ಜಾರಿಕೊಂಡ. ಅಲ್ಲಿದ್ದದ್ದು ಹೀಟರು.

ಹನ್ನೊಂದು ವರ್ಷದ ಹಿಂದೆ ಒಂಬತ್ತನೇ ಅಂತಸ್ತಿನ ಮೂಲೆ ಕೋಣೆಯಲ್ಲಿ ಒಬ್ಬ ದೊಡ್ಡ ಸಾಹೇಬರಿದ್ದರು. ಎರಡು ಕಡೆ ಗಾಜು, ಪಡುವಣ ಬಿಸಿಲು, ಮೂಗಿನ ತುದಿಯಲ್ಲೇ ಸಿಟ್ಟು. ದಿನಕ್ಕೆ ನಾಲ್ಕು ಸಲ ಫೋನು. ರೋಸಿಹೋದ ತಂಪಣ್ಣ ಆ ಒಂದು ಕೋಣೆ ತಣ್ಣಗಾಗಲೆಂದು ಇಡೀ ಕಟ್ಟಡವನ್ನೇ ಹತ್ತೊಂಬತ್ತಕ್ಕೆ ಇಳಿಸಿ, ಚಳಿ ಹೊಂದಿಸುವ ಗುಂಡಿಯನ್ನು ಯಾರೂ ತಿರುಗಿಸದಂತೆ ಅದಕ್ಕೆ ತಂತಿ ಬಿಗಿದುಬಿಟ್ಟ. ಫೋನು ನಿಂತಿತು. ಫೋನು ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಎಂಬುದು ಆ ಕಸುಬಿನವರ ಲೆಕ್ಕ. ಸಾಹೇಬರು ನಿವೃತ್ತರಾದರು, ಕೋಣೆ ಹಳೇ ಫೈಲುಗಳ ಉಗ್ರಾಣವಾಯಿತು, ತಂತಿ ಹಾಗೇ ಉಳಿಯಿತು. ಕೆಳಗಿನವರು ಮೊದಲು ಶಾಲು ಹೊದ್ದರು, ಆಮೇಲೆ ಮೇಜಿನಡಿ ಪುಟ್ಟ ಹೀಟರು ಬಚ್ಚಿಟ್ಟುಕೊಂಡರು. ಕದ್ದು ಇಟ್ಟವರು ದೂರು ಹೇಳಿಯಾರೇ? ಹೀಟರುಗಳನ್ನು ತಂಪಣ್ಣ ಕಂಡಿದ್ದ. ಅವಕ್ಕೂ ತನ್ನ ತಂತಿಗೂ ಗಂಟು ಹಾಕಿ ನೋಡಿದ್ದು ಮಾತ್ರ ಈಗಲೇ.

ಸಂಜೆ ಹೆಂಡತಿಯ ಮುಂದೆ ಎಲ್ಲ ಬಿಚ್ಚಿಟ್ಟ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಹೋದರೂ ಹೆಸರು ಉಳಿಯುತ್ತದೆ, ಒಪ್ಪಿಕೊಂಡರೆ ಹೆಸರಂತೂ ಹೋಯಿತು, ಕೆಲಸವೂ ಉಳಿಯುವುದು ಅನುಮಾನ ಎಂದ.

"ನನ್ನನ್ನ ಒಂದು ದಿನ ಹೊಗಳಿದವರಲ್ಲ ನೀವು," ಎಂದಳು ಆಕೆ. "ಆ ಮೆಷಿನ್ನನ್ನ ಮಾತ್ರ ಮೂರು ಹೊತ್ತೂ ಹೊಗಳ್ತೀರಿ. ಈಗ ನಿಮ್ಮ ತಪ್ಪನ್ನ ಅದರ ತಲೆಗೆ ಕಟ್ತೀರಾ?"

ಮಾರನೆಯ ಬೆಳಿಗ್ಗೆ ಅವನು ಇಂಜಿನಿಯರಮ್ಮನನ್ನು ಕರೆದೊಯ್ದು ತುಕ್ಕು ಹಿಡಿದ ತಂತಿ ತೋರಿಸಿದ.

"ಬಾಡಿಗೆದಾರರು ಯಾರೂ ಕೇಳಿದ್ದಲ್ಲಮ್ಮ. ನಾನು ಕಟ್ಟಿದ್ದು. ಯಾರಿಗೋಸ್ಕರ ಕಟ್ಟಿದೆನೋ ಅವರು ಹೋಗಿ ಎಂಟು ವರ್ಷ ಆಯ್ತು."

"ಅಂದ್ರೆ ಎಂಟು ವರ್ಷ ಫೈಲುಗಳಿಗೆ ತಂಪು ಕೊಟ್ಟಿದ್ದೀರಿ."

"ಒಂದೂ ಕೆಟ್ಟಿಲ್ಲ," ಎಂದ ತಂಪಣ್ಣ. ಆಕೆ ನಕ್ಕಳು, ಆದರೆ ಪುಸ್ತಕದಲ್ಲಿ ಬರೆದುಕೊಂಡಳು.

ತಂತಿ ಕತ್ತರಿಸಿ, ದಿನಕ್ಕೆ ಅರ್ಧ ಡಿಗ್ರಿಯಂತೆ ಇಪ್ಪತ್ತನಾಲ್ಕಕ್ಕೆ ಏರಿಸಿದರು. ತಂಪಣ್ಣ ಅಂತಸ್ತು ಅಂತಸ್ತು ಹತ್ತಿ, ತಪ್ಪು ತನ್ನದೇ ಎಂದು ಹೇಳಿ ನಲವತ್ತೇಳು ಹೀಟರು ಎತ್ತಿಸಿದ. ಪಡುವಣ ಗಾಜಿಗೆ ಬಿಸಿಲು ತಡೆಯುವ ಹಾಳೆ ಅಂಟಿಸಿದರು, ತಣ್ಣೀರು ಹಾಯಿಸುವ ಪಂಪು ಅಗತ್ಯವಿದ್ದಷ್ಟೇ ತಿರುಗುವಂತೆ ಮಾಡಿದರು. ತಿಂಗಳಲ್ಲಿ ಕರೆಂಟು ಕಾಲುಭಾಗ ಇಳಿಯಿತು. ಇಂಜಿನಿಯರಮ್ಮ ತನ್ನ ವರದಿಯಲ್ಲಿ ತಂತಿಯ ಸಂಗತಿಯನ್ನು ಇದ್ದದ್ದು ಇದ್ದಂತೆ ಬರೆದಳು. ಯಂತ್ರ ಇನ್ನೂ ಐದು ವರ್ಷ ಬಾಳುತ್ತದೆ, ನೋಡಿಕೊಳ್ಳಲು ಆಳು ಬೇಕು ಎಂದೂ ಬರೆದಳು.

ಮಾಲೀಕರು ಅವನನ್ನು ನಿಲ್ಲಿಸಿ ಬೈದು, ಎಚ್ಚರಿಕೆಯ ಪತ್ರ ಕೊಟ್ಟರು. ಇನ್ನು ಮುಂದೆ ವಾರಕ್ಕೊಮ್ಮೆ ಪ್ರತಿ ಅಂತಸ್ತಿಗೂ ಹೋಗಿ ಚಳಿಯೋ ಸೆಕೆಯೋ ಕೇಳಿ ಬರಬೇಕೆಂದು ಅದರಲ್ಲಿತ್ತು. ಮನೆಯಲ್ಲಿ ಹೆಂಡತಿ ಪತ್ರವನ್ನು ಎರಡು ಸಲ ಗಟ್ಟಿಯಾಗಿ ಓದಿ ಮಡಚಿಟ್ಟಳು.

"ಹಾಗಾದ್ರೆ ಇನ್ನೂ ಮೂರು ವರ್ಷ ನಿಮ್ಮ ಊಟದ ಡಬ್ಬಿ ಕಟ್ಟೋದು ನನಗೆ ತಪ್ಪಲಿಲ್ಲ," ಎಂದಳು.