ಎರಡನೆಯ ಬಾಗಿನ

ಕಳೆದ ವರ್ಷ ಗೌರಿ ಹಬ್ಬದ ಬೆಳಿಗ್ಗೆ, ಹುಣಸೂರಿನ ನನ್ನ ತವರಿನಲ್ಲಿ ಅಮ್ಮ ತುಂಬಿಸಿಟ್ಟಿದ್ದ ಎರಡು ಮೊರದ ಬಾಗಿನಗಳಲ್ಲಿ ಒಂದನ್ನು ತಮ್ಮನ ಹೆಂಡತಿ ಎದುರುಮನೆಯವರಿಗೆ ಕೊಟ್ಟಳು. ಮದುವೆಯಾದ ಮೇಲೆ ಅವಳಿಗೆ ಅದು ಮೊದಲ ಹಬ್ಬ. ಒಂದು ಬಾಗಿನ ಪಿರಿಯಾಪಟ್ಟಣದಿಂದ ಬಂದಿದ್ದ ನನಗೆಂದು ಅವಳಿಗೆ ಗೊತ್ತಿತ್ತು. ಇನ್ನೊಂದು ಎದುರುಮನೆಗಿರಬೇಕು ಎಂದುಕೊಂಡಿದ್ದಳು. ಅದನ್ನು ಅಮ್ಮ ಪ್ರತಿವರ್ಷ ಚೀಲಕ್ಕೆ ಹಾಕಿಕೊಂಡು ಕೆ.ಆರ್. ನಗರದ ಬಸ್ಸು ಹತ್ತುತ್ತಿದ್ದಳು. ಅಲ್ಲೊಬ್ಬ ಗೆಳತಿಯಿದ್ದಾಳೆ ಎಂದಷ್ಟೇ ನಮಗೆ ಹೇಳಿದ್ದಳು.

ದೇವರ ಮುಂದಿನ ಖಾಲಿ ಜಾಗ ನೋಡಿ ಅಮ್ಮ ಗೋಡೆ ಹಿಡಿದು ಕೂತಳು. ಮಂಡಿನೋವಿನಿಂದ ಆ ಸಲ ಅವಳೇ ಹೋಗುವಂತಿರಲಿಲ್ಲ. ನನ್ನನ್ನು ಕಳಿಸಲೋ ಬೇಡವೋ ಎಂದು ಯೋಚಿಸುತ್ತಿದ್ದಳಂತೆ.

"ಅದು ನಿಮ್ಮ ಸೋದರತ್ತೇದು ಕಣೇ."

"ಯಾವ ಸೋದರತ್ತೆ?"

"ನಿಮ್ಮಪ್ಪನ ತಂಗಿ. ಕೆ.ಆರ್. ನಗರದ ಹತ್ರ ಭೇರ್ಯದಲ್ಲವ್ಳೆ."

ಅಪ್ಪನಿಗೆ ಇದ್ದದ್ದು ಒಬ್ಬಳೇ ತಂಗಿ. ನಾನು ಹುಟ್ಟುವ ಮೊದಲೇ ಅವಳು ಕಾಮಾಲೆಯಿಂದ ಸತ್ತಳೆಂದು ನಮ್ಮನ್ನು ನಂಬಿಸಿದ್ದರು. ನಿಜವಾಗಿ ಅವಳು ಬೇರೆ ಜಾತಿಯವನನ್ನು ಮದುವೆಯಾಗಿ ಹೋಗಿದ್ದಳು. ಹೆಸರೆತ್ತಬಾರದೆಂದು ತಾತ ಹೇಳಿದರು, ಅಪ್ಪ ಎತ್ತಲಿಲ್ಲ. ಅಮ್ಮ ಬಾಗಿನ ನಿಲ್ಲಿಸಲಿಲ್ಲ.

"ಇವತ್ತು ಹೋಗ್ದಿದ್ರೆ, ತವರು ಕೈಬುಡ್ತು ಅಂದ್ಕೊತಾಳೆ" ಎಂದಳು.

ಕೊಟ್ಟ ಬಾಗಿನವನ್ನು ವಾಪಸು ಕೇಳುವಂತಿಲ್ಲ. ತಮ್ಮನ ಹೆಂಡತಿ ಸ್ಕೂಟರಿನಲ್ಲಿ ಪೇಟೆಗೆ ಹೋಗಿ, ಗಂಟು ಕಟ್ಟುತ್ತಿದ್ದ ಮೊರದವಳನ್ನು ನಿಲ್ಲಿಸಿ ಒಂದು ಜೊತೆ ತಂದಳು. ಅಮ್ಮ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಇಟ್ಟು ಮುಚ್ಚಿದಳು. ನಾನೂ ತಮ್ಮನ ಹೆಂಡತಿಯೂ ಬಸ್ಸು ಹಿಡಿದೆವು.

ಭೇರ್ಯ ತಲುಪಿದಾಗ ಬಿಸಿಲು ಇಳಿದಿತ್ತು. ಅಮ್ಮ ಗುರುತು ಹೇಳಿದ್ದ ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ರಸ್ತೆ ನೋಡುತ್ತ ಕೂತಿದ್ದಳು. ಚೀಲದಿಂದ ಇಣುಕುತ್ತಿದ್ದ ಮೊರ ಕಂಡು ಎದ್ದು ನಿಂತಳು.

"ಅತ್ತಿಗೆ ಬರ್ನಿಲ್ವಾ?"

"ಅಮ್ಮಂಗೆ ಮಂಡಿನೋವು" ಎಂದೆ.

"ಅಷ್ಟೇನಾ? ಬುಡು. ನಾನು ಏನೇನೋ ಅನ್ಕಂಡು ಬೆಳಗಿಂದ ನೀರೂ ಕುಡಿದಿಲ್ಲ."

ತಮ್ಮನ ಹೆಂಡತಿ ತನ್ನಿಂದಲೇ ತಡವಾಯಿತೆಂದು ನಡೆದದ್ದನ್ನು ಹೇಳಿದಳು. ಸೋದರತ್ತೆ ನಕ್ಕಳು. "ಸತ್ತೋಳ್ಗೆ ಒಂದ್ಗಳಿಗೆ ತಡ ಆದ್ರೇನವ್ವಾ? ಬನ್ನಿ, ಒಬ್ಬಟ್ಟು ತಿನ್ನಿ."

ಹೊರಡುವಾಗ ಡಬ್ಬಿ ತುಂಬ ಒಬ್ಬಟ್ಟು ಕಟ್ಟಿಕೊಟ್ಟಳು. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತ ಅಪ್ಪನ ತಟ್ಟೆಗೆ ತಮ್ಮನ ಹೆಂಡತಿಯೇ ಅದನ್ನು ಬಡಿಸಿದಳು.

"ಭೇರ್ಯದಿಂದ ಕಳಿಸವ್ರೆ, ಮಾವ."

ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. ಅಪ್ಪ ಯಾರೆಂದು ಕೇಳಲಿಲ್ಲ. ತಿಂದು ಮುಗಿಸಿ, "ಇನ್ನೊಂದು ಹಾಕವ್ವ" ಎಂದರು.

ಈ ವರ್ಷದ ಎರಡೂ ಬಾಗಿನಗಳನ್ನು ಅಮ್ಮ ಮತ್ತು ಸೊಸೆ ಒಟ್ಟಿಗೆ ಕೂತು ತುಂಬಿಸಿದರು. ಎರಡನೆಯದನ್ನು ಚೀಲಕ್ಕೆ ಹಾಕಿಕೊಂಡು ಅಪ್ಪ ಕೆ.ಆರ್. ನಗರದ ಬಸ್ಸು ಹತ್ತಿದರು.