ಸ್ಕೇಲಮ್ಮನ ಮುಸುಕು

ನಮ್ಮ ಬೀದಿಯ ಟೈಪಿಂಗ್ ಶಾಲೆಯ ಟೀಚರಿಗೆ ವಿದ್ಯಾರ್ಥಿಗಳು ಬೆನ್ನ ಹಿಂದೆ ಇಟ್ಟ ಹೆಸರು ಸ್ಕೇಲಮ್ಮ. ಹನ್ನೆರಡು ಯಂತ್ರಗಳಿಗೂ ಆಕೆ ಬಟ್ಟೆಯ ಮುಸುಕು ಹೊಲಿಸಿದ್ದಳು. ಅದರೊಳಗೆ ಕೈ ತೂರಿಸಿ, ಕೀಲಿಮಣೆ ನೋಡದೆ ಬಡಿಯಬೇಕು. ಇಣುಕಿದವರ ಬೆರಳ ಗೆಣ್ಣಿಗೆ ಮರದ ಸ್ಕೇಲಿನ ಏಟು. ಹಾಸ್ಟೆಲಿನ ಅಡುಗೆಯಾಕೆ, ನಲವತ್ತು ದಾಟಿದವಳು, ಗುಮಾಸ್ತೆಯ ಕೆಲಸ ಹಿಡಿಯುವ ಆಸೆಯಿಂದ ಸೇರಿದಾಗ, "ಇದು ಹಿಟ್ಟು ನಾದೋ ಕೆಲಸ ಅಲ್ಲ ಕಣಮ್ಮ" ಎಂದು ಟೀಚರ್ ಎಲ್ಲರೆದುರು ಹಂಗಿಸಿದ್ದನ್ನು ನಾನೇ ಕೇಳಿದ್ದೇನೆ. ನನ್ನ ಕಥೆಗಳ ಹಸ್ತಪ್ರತಿಗಳನ್ನು ಟೈಪ್ ಮಾಡುತ್ತಿದ್ದವಳೂ ಈ ಟೀಚರೇ. ಒಂದು ತಪ್ಪೂ ಇರುತ್ತಿರಲಿಲ್ಲ.

ಐವತ್ತೊಂದನೇ ವಯಸ್ಸಿನಲ್ಲಿ ಟೀಚರಿಗೆ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ಆರು ಸುತ್ತು ಕೀಮೋ. ಕೂದಲು ಹೋಯಿತು, ಅದಕ್ಕೆ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಔಷಧಿಯಿಂದ ಬೆರಳ ತುದಿಗಳು ಮರಗಟ್ಟಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಎಂಟು ತಿಂಗಳ ಬಳಿಕ ತಲೆಗೊಂದು ವಸ್ತ್ರ ಸುತ್ತಿಕೊಂಡು ಶಾಲೆಗೆ ಬಂದಳು. ಮುಸುಕಿನೊಳಗೆ ಕೈ ತೂರಿಸಿ, "ನೋಡಿ, ಟೈಪಿಂಗ್ ಅಂದ್ರೆ ಹೀಗೆ" ಎಂದು ಒಂದು ಪುಟವನ್ನು ಧಡಧಡನೆ ಬಡಿದು, ಹಾಳೆ ಎಳೆದು ಎತ್ತಿ ಹಿಡಿದಳು. ಒಂದು ಪದವೂ ಅರ್ಥವಾಗುವಂತಿರಲಿಲ್ಲ.

"ಟೀಚರ್, ಎರಡೂ ಕೈ ಒಂದೊಂದು ಕೀ ಆಚೆ ಕೂತಿದ್ವು," ಎಂದಳು ಅಡುಗೆಯಾಕೆ. "ನಾನು ದಿನಾ ಮಾಡೋ ತಪ್ಪೇ."

ಶಾಲೆಯ ಒಡೆಯ ಟೀಚರಿನ ಅಣ್ಣ. ಸುದ್ದಿ ತಿಳಿದು ಅಂದೇ ಬಂದ.

"ಸಾಕು ಕಣೇ. ಮನೇಲಿ ಆರಾಮಾಗಿರು. ಬೇರೆ ಯಾರನ್ನಾದ್ರೂ ಇಟ್ಕೋತೀನಿ."

"ಆರಾಮಾಗಿರೋಕೆ ನಾನೇನು ಸತ್ತಿದ್ದೀನಾ? ಈ ಸಲದ ಸೀನಿಯರ್ ಟೈಪಿಂಗ್ ಪರೀಕ್ಷೆಗೆ ನಾನೂ ಕೂರ್ತೀನಿ. ಫೇಲಾದ್ರೆ ನೀನು ಹೇಳಿದ ಹಾಗೆ."

"ಫೇಲಾದ್ರೆ ಬೀದಿಯೆಲ್ಲ ನಗತ್ತೆ."

"ನಗಲಿ ಬಿಡಣ್ಣ. ಇಷ್ಟು ವರ್ಷ ಬೇರೆಯವರನ್ನ ನೋಡಿ ನಾನು ನಕ್ಕಿಲ್ವಾ?"

ಮರುದಿನ ತನ್ನ ಮೇಜು ಬಿಟ್ಟು, ಕೊನೆಯ ಯಂತ್ರದ ಮುಂದೆ, ಅಡುಗೆಯಾಕೆಯ ಪಕ್ಕದಲ್ಲಿ ಕೂತಳು. ಮುಸುಕು ತೆಗೆದಳು. ನೋಡುತ್ತ ಬಡಿದರೆ ಆಮೆಯ ವೇಗ. ನೋಡದಿದ್ದರೆ ಬೆರಳು ಜಾರಿದ್ದೇ ತಿಳಿಯದು. ಬುಟ್ಟಿ ತುಂಬ ಹಾಳೆ ಹಾಳಾಯಿತು.

"ನೀವು ಹೇಗೆ ಸರಿ ಮಾಡ್ಕೋತೀರಿ?" ಎಂದು ಪಕ್ಕದವಳನ್ನು ಕೇಳಿದಳು. ಅಷ್ಟು ಕೇಳಲು ಮೂರು ವಾರ ಬೇಕಾಯಿತು.

"ಬೈಯಲ್ವಾ?"

"ಸ್ಕೇಲು ಮನೇಲಿದೆ. ಹೇಳಿ."

"ಸಾಲು ಮುಗಿಯುವಾಗ ಯಂತ್ರದ ಗಂಟೆ ಟಿಣ್ ಅನ್ನತ್ತಲ್ಲ, ಆಗ ಒಂದೇ ಒಂದು ಸಲ ಕೆಳಗೆ ನೋಡ್ತೀನಿ, ಬೆರಳು ಜಾಗದಲ್ಲಿದೆಯಾ ಅಂತ. ಒಲೆ ಮೇಲೆ ಹಾಲಿಟ್ಟು ಆಗಾಗ ನೋಡಲ್ವಾ, ಹಾಗೆ."

"ಮುಸುಕಿದೆಯಲ್ಲ, ಹೇಗೆ ನೋಡ್ತೀರಿ?"

"ನನ್ನದಕ್ಕೆ ಒಂದು ತೂತಿದೆ, ಟೀಚರ್."

ಟೀಚರ್ ನಕ್ಕಳು. ಆ ಶಾಲೆಯಲ್ಲಿ ಆಕೆ ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದು ಅದೇ ಮೊದಲು. ಆಮೇಲೆ ಉಳಿದ ಹನ್ನೊಂದು ಮುಸುಕುಗಳನ್ನೂ ತೆಗೆದು, ಕತ್ತರಿಸಿ, ಯಂತ್ರದ ಧೂಳು ಒರೆಸಲು ಹಂಚಿದಳು. ಆ ದಿನದಿಂದ ಟಿಣ್ ಎಂದಾಗ ಕೆಳಗೆ ನೋಡುವುದೇ ಶಾಲೆಯ ಪಾಠವಾಯಿತು.

ಬೆಳಿಗ್ಗೆ ಅಡುಗೆಯಾಕೆಗೆ ಜೂನಿಯರ್ ಪರೀಕ್ಷೆ, ಮಧ್ಯಾಹ್ನ ಟೀಚರಿಗೆ ಸೀನಿಯರ್. ಫಲಿತಾಂಶದ ಹಾಳೆ ಗೋಡೆಗೆ ಅಂಟಿಸಿದ ದಿನ ಅಡುಗೆಯಾಕೆ ತನ್ನ ನಂಬರಿನ ಮೇಲೆ ಬೆರಳಿಟ್ಟವಳು ತೆಗೆಯಲೇ ಇಲ್ಲ. ಟೀಚರಿನ ನಂಬರೂ ಅಲ್ಲಿತ್ತು, ಮೊದಲ ದರ್ಜೆಯಲ್ಲಿ.

"ಮೂರು ತಪ್ಪು ಮಾಡಿದೆ," ಎಂದು ಆಕೆ ತಾನಾಗಿಯೇ ಅಣ್ಣನಿಗೆ ಹೇಳಿದಳು.

"ಮೊದಲು ಒಂದೂ ಇರ್ತಿರಲಿಲ್ಲ."

"ಮೊದಲು ಹನ್ನೆರಡರಲ್ಲಿ ಐದು ಜನ ಪಾಸಾಗ್ತಿದ್ರು. ಈ ಸಲ ಹನ್ನೊಂದು. ಲೆಕ್ಕ ಬರತ್ತಾ ನಿನಗೆ?"

ಅಣ್ಣ ಆಕೆಯ ಕುರ್ಚಿಯನ್ನು ಮೇಜಿನ ಹಿಂದಕ್ಕೆ ತಂದಿಟ್ಟ. ಆಕೆ ಅದನ್ನು ಕೊನೆಯ ಯಂತ್ರದ ಪಕ್ಕಕ್ಕೆ ಎಳೆದುಕೊಂಡಳು. ಅಲ್ಲಿ ಹೊಸಬರು ಕೂರುತ್ತಾರೆ.

ಕಾಯಿಲೆ ಆಕೆಯನ್ನು ಬದಲಿಸಿತು ಎಂದು ಬೀದಿಯವರು ಹೇಳುತ್ತಾರೆ. ಕಾಯಿಲೆಗೆ ನಾನು ಅಷ್ಟು ಮರ್ಯಾದೆ ಕೊಡಲಾರೆ. ಆ ಕೊನೆಯ ಯಂತ್ರದ ಮುಂದೆ ಆಕೆಯೇ ನಡೆದು ಹೋಗಿ ಕೂತಳು. ಈಚೆಗೆ ನನ್ನ ಹಸ್ತಪ್ರತಿಯ ಪುಟಕ್ಕೆ ಒಂದೆರಡು ತಪ್ಪು ಇರುತ್ತವೆ. ಪೆನ್ನಿನಿಂದ ತಿದ್ದಿಕೊಳ್ಳುತ್ತೇನೆ.